ಸರ್ವರ್ ಬಿಜಿ ಐತ್ರಿ: ನಡೆಸುವವರ ಕೈಪಿಡಿ

(ಕೊಪ್ಪಳ ಆವೃತ್ತಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳಿಗೂ ಆಮೇಲೆ ಹುಟ್ಟಿದ ಕಾರಟಗಿ, ಕನಕಗಿರಿ, ಕುಕನೂರಿಗೂ ಅನ್ವಯ. ಓದಿ ಜೋಪಾನವಾಗಿ ಇಟ್ಟುಕೊಳ್ಳಿ.)

1. ಉತ್ಪನ್ನದ ಪರಿಚಯ

ಅಭಿನಂದನೆಗಳು. ಜನರಿಗೆ ಸೇವೆ ಕೊಡುವ ಜಾಲತಾಣವೊಂದು ನಿಮ್ಮ ಸುಪರ್ದಿಗೆ ಬಂದಿದೆ. ಅರ್ಜಿ ತೆಗೆದುಕೊಳ್ಳುವುದು, ಆಧಾರ್ ತಾಳೆ ನೋಡುವುದು, ಪಡಿತರ ಚೀಟಿಯ ಹೆಸರಿನ ಜೊತೆ ಹೊಂದಿಸುವುದು, ಪ್ರಮಾಣಪತ್ರದ ಪಿಡಿಎಫ್ ತಯಾರಿಸುವುದು, ಎಸ್‌ಎಂಎಸ್ ಕಳಿಸುವುದು: ಅದರ ಕೆಲಸ ಇಷ್ಟೇ. ಈ ಐದರಲ್ಲಿ ಅರ್ಜಿದಾರರ ಕಣ್ಣೆದುರು ಆಗಲೇಬೇಕಾದದ್ದು ಮೊದಲನೆಯದು ಮಾತ್ರ. ಮಿಕ್ಕ ನಾಲ್ಕು ಪರದೆಯ ಹಿಂದೆ, ಐದತ್ತು ಸೆಕೆಂಡು ಹಿಂದುಮುಂದಾಗಿ ನಡೆದರೆ ಯಾರ ಗಂಟೂ ಹೋಗುವುದಿಲ್ಲ. ಇವಕ್ಕೆ ಹಿನ್ನೆಲೆ ಕೆಲಸಗಳು ಎಂದು ಹೆಸರು.

ಇವನ್ನು ಯಾರಿಂದ ಮಾಡಿಸಬೇಕು ಎಂಬುದೇ ಪ್ರಶ್ನೆ. ತಂತ್ರಾಂಶ ಕಂಪನಿಗಳು ರೆಡಿಸ್, ರ್ಯಾಬಿಟ್‌ಎಂಕ್ಯೂ, ಕಾಫ್ಕಾ ಮುಂತಾದವನ್ನು ಕೂರಿಸಿ, ಕೆಲಸಗಳನ್ನು ಅಲ್ಲಿ ಸರದಿಯಲ್ಲಿ ನಿಲ್ಲಿಸಿ, 'ವರ್ಕರ್' ಎಂಬ ಪುಟ್ಟ ಪ್ರೋಗ್ರಾಮುಗಳಿಂದ ಒಂದೊಂದಾಗಿ ಮುಗಿಸುತ್ತವೆ. ರೆಡಿಸ್ 2009ರಲ್ಲೇ ಬಂದದ್ದು, ಪುಕ್ಕಟೆಯಾಗಿಯೇ ಸಿಗುತ್ತದೆ. ಆದರೆ ಅದನ್ನು ಕೂರಿಸಲು ಸ್ವಲ್ಪ ತಲೆ ಓಡಿಸಬೇಕು. ಈ ಕೈಪಿಡಿ ತಲೆಗೆ ತ್ರಾಸ ಕೊಡದ ದಾರಿಯನ್ನು ಕಲಿಸುತ್ತದೆ. ಹಳ್ಳಿಯಿಂದ ಮುಂಜಾನೆಯ ಬಸ್ಸಿಗೆ ಬಂದು, ಸೇವಾ ಕೇಂದ್ರದ ಕಟ್ಟೆಯ ಮೇಲೆ ಬುತ್ತಿಗಂಟು ಇಟ್ಟುಕೊಂಡು ಕುಳಿತ ಅವ್ವನೇ ನಿಮ್ಮ ವರ್ಕರ್. ಆಕೆಗೆ ಕರೆಂಟು ಬೇಡ, ಲೈಸೆನ್ಸ್ ಬೇಡ, ಅಪ್‌ಡೇಟ್ ಬೇಡ. ಕೆಟ್ಟು ನಿಂತರೆ ರಿಪೇರಿಯ ಖರ್ಚೂ ನಿಮ್ಮದಲ್ಲ.

2. ಪೆಟ್ಟಿಗೆಯಲ್ಲಿ ಇರುವ ವಸ್ತುಗಳು

ಕಂಪ್ಯೂಟರ್: 1.
ಪ್ರಿಂಟರ್: 1. ಟೋನರ್ ಪ್ರತ್ಯೇಕ.
ಬೆರಳಚ್ಚು ಯಂತ್ರ: 1. ಕಳೆ ಕಿತ್ತು, ನಾಟಿ ಹಚ್ಚಿ ಸವೆದ ಬೆರಳುಗಳಿಗೆ ಖಾತರಿಯಿಲ್ಲ.
ಆಪರೇಟರ್: 1. ಬೈಗುಳ ತಡೆಯುವ ಸಾಮರ್ಥ್ಯ: ಮಿತಿಯಿಲ್ಲ.
'ಸರ್ವರ್ ಬಿಜಿ' ಎಂದು ಬರೆದ ಹಾಳೆ: 1. ಅಂಟಿಸಲು ಟೇಪು ಸಹಿತ.
ಕಟ್ಟೆ, ಬೇವಿನ ಮರ: ಸ್ಥಳೀಯವಾಗಿ ಹೊಂದಿಸಿಕೊಳ್ಳಬೇಕು.

ಸರ್ವರ್ ಈ ಪೆಟ್ಟಿಗೆಯಲ್ಲಿ ಇರುವುದಿಲ್ಲ. ಅದು ಬೆಂಗಳೂರಿನಲ್ಲಿದೆ. ಆದ್ದರಿಂದ ಯಾರೂ ಅದನ್ನು ಕಣ್ಣಾರೆ ಕಂಡು ಬೈಯಲಾರರು. ಇದು ದೋಷವಲ್ಲ, ವಿನ್ಯಾಸ.

3. ಕಾಲದ ಅಳತೆಗಳು

ಬಳಕೆಯ ತಜ್ಞ ಜಾಕೋಬ್ ನೀಲ್ಸನ್ 1993ರಲ್ಲಿ ಮೂರು ಗಡಿ ಹೇಳಿದ. ಗುಂಡಿ ಒತ್ತಿದ 0.1 ಸೆಕೆಂಡಿನೊಳಗೆ ಉತ್ತರ ಬಂದರೆ ತಕ್ಷಣವೇ ಆಯಿತೆಂದು ಅನಿಸುತ್ತದೆ. 1 ಸೆಕೆಂಡಿನೊಳಗೆ ಬಂದರೆ ಯೋಚನೆಯ ಎಳೆ ಕಡಿಯುವುದಿಲ್ಲ. 10 ಸೆಕೆಂಡು ದಾಟಿದರೆ ಮನಸ್ಸು ಬೇರೆ ಕಡೆ ಹೊರಳುತ್ತದೆ. ಹಿನ್ನೆಲೆ ಕೆಲಸ 'ಹೆಚ್ಚುಕಡಿಮೆ ತಕ್ಷಣ' ಆಗಬೇಕು ಎಂದು ಎಂಜಿನಿಯರುಗಳು ಹೇಳುವಾಗ ಅವರ ತಲೆಯಲ್ಲಿರುವುದು ಈ ಕೆಲವೇ ಸೆಕೆಂಡುಗಳು. ನಿಮ್ಮ ಬಳಕೆಗೆ ಸ್ಥಳೀಯ ಅಳತೆಗಳು ಇಂತಿವೆ:

'ಈಗ ಆತ್ ನೋಡ್ರಿ': ಇಪ್ಪತ್ತು ನಿಮಿಷ.
'ಜರಾ ತಡೀರಿ': ಊಟದ ಹೊತ್ತಿನವರೆಗೆ.
'ಚಾ ಕುಡ್ದ್ ಬರ್ರಿ': ಸಂಜೆಯ ಕೊನೇ ಬಸ್ಸಿನವರೆಗೆ.
'ನಾಳಿ ಬರ್ರಿ': ಅಳತೆಗೆ ನಿಲುಕದ್ದು.

4. ಅಳವಡಿಕೆ: ಐದೂ ಕೆಲಸವನ್ನು ಒಂದೇ ಗುಂಡಿಗೆ ಕಟ್ಟಿ

'ಸಲ್ಲಿಸು' ಎಂಬ ಗುಂಡಿಯನ್ನು ಒತ್ತಿದ ಕೂಡಲೇ ಐದೂ ಕೆಲಸ ಒಂದರ ಹಿಂದೊಂದು ನಡೆಯಬೇಕು, ಐದೂ ಮುಗಿಯುವ ತನಕ ಪರದೆಯ ಮೇಲೆ ಚಕ್ರ ತಿರುಗುತ್ತಿರಬೇಕು. ನಡುವೆ ಯಾವುದೇ ಒಂದು ತಪ್ಪಿದರೂ ಎಲ್ಲವೂ ಅಳಿಸಿ ಮೊದಲಿನಿಂದ ಶುರುವಾಗಬೇಕು.

ಇದರ ಲೆಕ್ಕ ಸೊಗಸಾಗಿದೆ. ಒಂದೊಂದು ಹಂತವೂ ನೂರಕ್ಕೆ 95 ಸಲ ಸರಿಯಾಗಿ ನಡೆಯುತ್ತದೆ ಎನ್ನಿ. ಒಂದೊಂದಾಗಿ ನೋಡಿದರೆ ಒಳ್ಳೆಯ ಅಂಕವೇ. ಐದನ್ನೂ ಸರಪಳಿ ಹಾಕಿದರೆ ನೂರಕ್ಕೆ 77 ಮಂದಿಯ ಅರ್ಜಿ ಮಾತ್ರ ದಡ ಸೇರುತ್ತದೆ. ಉಳಿದ 23 ಮಂದಿ ಕಟ್ಟೆಗೆ ಮರಳುತ್ತಾರೆ. ಯಾವ ಹಂತದ ಹೊಣೆಗಾರನನ್ನು ಕೇಳಿದರೂ 'ನಮ್ಮದು ಶೇ 95 ಐತ್ರಿ' ಎಂದು ಎದೆಯುಬ್ಬಿಸಿ ಹೇಳುತ್ತಾನೆ, ಅವನು ಹೇಳುವುದು ನಿಜವೂ ಹೌದು.

ಎಚ್ಚರಿಕೆ: ಹೆಸರು, ಫೋನ್ ನಂಬರು, ಬೇಕಾದ ಸೇವೆ ಇಷ್ಟನ್ನು ಮಾತ್ರ ಬರೆದುಕೊಂಡು, ಮಿಕ್ಕದ್ದನ್ನು ಸರದಿಗೆ ಬಿಡುವ ಪ್ರಯೋಗ ಮಾಡಬೇಡಿ. ಹಾಗೆ ಮಾಡಿದರೆ ಆಧಾರ್ ತಾಳೆ ತಪ್ಪಿದಾಗ ಅದೊಂದೇ ಹಂತ ತಾನಾಗಿ ಮತ್ತೆ ನಡೆಯುತ್ತದೆ, ಅಷ್ಟರೊಳಗೆ ಅರ್ಜಿದಾರರು ಸಂತೆ ಮುಗಿಸಿ ಊರು ಸೇರಿಬಿಟ್ಟಿರುತ್ತಾರೆ. ವೆಬ್ಬಿನ ನಿಯಮಾವಳಿಯಲ್ಲಿ ಇದಕ್ಕೆಂದೇ 202 ಎಂಬ ಉತ್ತರಸಂಖ್ಯೆ ಇದೆ: ನಿಮ್ಮ ಕೆಲಸ ತೆಗೆದುಕೊಂಡಿದ್ದೇನೆ, ಮುಗಿದಿಲ್ಲ, ಮಾಡುತ್ತೇನೆ ಎಂದು ಅದರರ್ಥ. ನಮ್ಮ ಆವೃತ್ತಿಯಲ್ಲಿ ಈ ಸೌಲಭ್ಯವನ್ನು ಮುಚ್ಚಿಡಲಾಗಿದೆ.

5. ಅತಿ ಮುಖ್ಯ: ನಂಬರ್ ಕೊಡಬೇಡಿ

ಈ ಅಧ್ಯಾಯವನ್ನು ಎರಡು ಸಲ ಓದಿ.

ಕರ್ನಾಟಕದಲ್ಲಿ ಸಕಾಲ ಎಂಬ ಕಾಯ್ದೆ ಇದೆ. 2011ರದು. 2012ರ ಮಾರ್ಚ್ 1ರಂದು ಔರಾದ, ಧಾರವಾಡ, ಚಿತ್ರದುರ್ಗ, ಪುತ್ತೂರು ತಾಲೂಕುಗಳಲ್ಲಿ ಪ್ರಯೋಗವಾಗಿ ಶುರುವಾಗಿ, ಏಪ್ರಿಲ್ 2ರಂದು 11 ಇಲಾಖೆಗಳ 151 ಸೇವೆಗಳೊಂದಿಗೆ ಇಡೀ ರಾಜ್ಯಕ್ಕೆ ಬಂತು. ಅರ್ಜಿ ಕೊಟ್ಟವರಿಗೆ 15 ಅಂಕಿಯ ಒಂದು ನಂಬರು ಸಿಗುತ್ತದೆ. ಯಾವ ಸೇವೆಗೆ ಎಷ್ಟು ಕೆಲಸದ ದಿನ ಎಂಬುದು ಮೊದಲೇ ಗೊತ್ತು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ, ಅರ್ಜಿದಾರರು ಪರಿಹಾರ ಕೇಳಬಹುದು. ಅದು ತಡ ಮಾಡಿದ ನೌಕರನ ಜೇಬಿನಿಂದ ಹೋಗಬೇಕು.

ಕೆಲಸಕ್ಕೊಂದು ಗುರುತು, ಗುರುತಿಗೊಂದು ಗಡುವು, ಗಡುವಿಗೊಂದು ದಂಡ: ಹಿನ್ನೆಲೆ ಕೆಲಸದ ವ್ಯವಸ್ಥೆಯಲ್ಲಿ ಎಂಜಿನಿಯರುಗಳು ಇಡಬೇಕೆನ್ನುವುದು ಇವನ್ನೇ. ವಿಧಾನಸಭೆ ಅದನ್ನು ಕಾನೂನಿನ ಭಾಷೆಯಲ್ಲಿ ಬರೆದಿತ್ತು, ಅಷ್ಟೆ.

ಗಾಬರಿಯಾಗಬೇಡಿ. ಇದಕ್ಕೆ ಪರಿಹಾರ ಸರಳ. ಸಕಾಲದ ಗಡಿಯಾರ ಓಡಲು ಶುರುವಾಗುವುದು ಅರ್ಜಿ ದಾಖಲಾದ ಮೇಲೆ. ಸರ್ವರ್ ಬಿಜಿ ಇದ್ದರೆ ಅರ್ಜಿ ದಾಖಲಾಗುವುದೇ ಇಲ್ಲ. ದಾಖಲಾಗದ ಅರ್ಜಿಗೆ ನಂಬರಿಲ್ಲ, ನಂಬರಿಲ್ಲದ ಅರ್ಜಿಗೆ ಗಡುವಿಲ್ಲ, ಗಡುವಿಲ್ಲದ್ದಕ್ಕೆ ತಡವೆಂಬುದೂ ಇಲ್ಲ. ಒಬ್ಬರು ಕಟ್ಟೆಯ ಮೇಲೆ ನಾಲ್ಕು ದಿನ ಕೂತು, ಐದನೇ ದಿನ ಅರ್ಜಿ ಹಾಕಿ, ಗಡುವಿನೊಳಗೆ ಪ್ರಮಾಣಪತ್ರ ಪಡೆದರೆ ನಿಮ್ಮ ವರದಿಯಲ್ಲಿ ಅದು 'ಸಕಾಲದಲ್ಲಿ ವಿಲೇವಾರಿ'. ಆ ನಾಲ್ಕು ದಿನ ಯಾವ ಪಟ್ಟಿಯಲ್ಲೂ ಇಲ್ಲ. ಈ ಉತ್ಪನ್ನದ ಜೀವಾಳ ಇಲ್ಲಿದೆ.

6. ಮರುಪ್ರಯತ್ನ

ತಂತ್ರಾಂಶದ ವರ್ಕರ್ ಸೋತರೆ ಸ್ವಲ್ಪ ತಡೆದು ಮತ್ತೆ ಯತ್ನಿಸುತ್ತದೆ. ಎಷ್ಟು ತಡೆಯಬೇಕು ಎಂಬುದಕ್ಕೂ ಒಂದು ಶಾಸ್ತ್ರವಿದೆ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ತಂಡ ಅಲೋಹಾನೆಟ್ ಎಂಬ ರೇಡಿಯೋ ಜಾಲ ಕಟ್ಟಿತು. ಇಬ್ಬರು ಒಂದೇ ಗಳಿಗೆಗೆ ಮಾತಾಡಿ ಸಂದೇಶ ಕೆಟ್ಟರೆ, ಇಬ್ಬರೂ ತಮಗೆ ತೋಚಿದಷ್ಟು ಬೇರೆಬೇರೆ ಹೊತ್ತು ಸುಮ್ಮನಿದ್ದು ಮತ್ತೆ ಕಳಿಸಬೇಕು. ಆಮೇಲೆ ಬಂದ ಈಥರ್ನೆಟ್ ಇದನ್ನು ಇನ್ನೂ ಚೊಕ್ಕ ಮಾಡಿತು: ಸೋತಷ್ಟೂ ಕಾಯುವ ಅವಧಿಯನ್ನು ಇಮ್ಮಡಿ ಮಾಡುತ್ತ ಹೋಗು. ಎಲ್ಲರೂ ಒಮ್ಮೆಲೇ ಮುಗಿಬೀಳದಿರಲಿ ಎಂಬುದೇ ಇದರ ಮರ್ಮ.

ನಮ್ಮ ಆವೃತ್ತಿಯಲ್ಲಿ ಎಲ್ಲರಿಗೂ 'ನಾಳಿ ಹತ್ತಕ್ಕ ಬರ್ರಿ' ಎಂದು ಒಂದೇ ಹೊತ್ತು ಹೇಳಬೇಕು. ಹೀಗೆ ಇಂದು ಸೋತವರೂ ನಾಳೆ ಹೊಸದಾಗಿ ಬರುವವರೂ ಹತ್ತು ಗಂಟೆಗೆ ಕೂಡಿಯೇ ಬಾಗಿಲು ತಟ್ಟುತ್ತಾರೆ, ಹತ್ತೂ ಐದಕ್ಕೆ ಸರ್ವರ್ ಮಲಗುತ್ತದೆ. ಹಿಂದೊಮ್ಮೆ ನಮ್ಮ ಮನೆಬಾಗಿಲುಗಳ ಮೇಲೆ ದೆವ್ವ ಓದಿಕೊಂಡು ಹೋಗಲೆಂದು 'ನಾಳೆ ಬಾ' ಎಂದು ಬರೆಯುತ್ತಿದ್ದರು. ದೆವ್ವಕ್ಕೆ ಕೂಲಿ ತಪ್ಪುತ್ತಿರಲಿಲ್ಲ, ಆದ್ದರಿಂದ ಅದು ದೂರು ಕೊಡಲಿಲ್ಲ.

ಖರ್ಚಿನ ಟಿಪ್ಪಣಿ: 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಪುಕ್ಕಟೆ. ಮರುಪ್ರಯತ್ನದ ದರ ಸೊನ್ನೆಯಾಯಿತೆಂದು ನೀವು ತೋರಿಸಬಹುದು. 2025-26ರಲ್ಲಿ ರಾಜ್ಯದ ನರೇಗಾ ದಿನಗೂಲಿ 370 ರೂಪಾಯಿ ಇತ್ತು. ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಸೇರಿಸಿದರೆ, ಗಡುವು ಮೀರಿದ ದಿನಕ್ಕೆ 20 ರೂಪಾಯಿ ಪರಿಹಾರ, ಗಡುವು ಶುರುವಾಗುವ ಮುಂಚಿನ ದಿನಕ್ಕೆ 370 ರೂಪಾಯಿ ನಷ್ಟ ಎಂಬ ಅಡ್ಡಾದಿಡ್ಡಿ ಅಂಕಿಗಳು ಕಾಣಿಸಿಕೊಳ್ಳುತ್ತವೆ.

7. ಕೊನೆಯ ದಿನಾಂಕದ ಬಳಕೆ

ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞ 1909ರಲ್ಲಿ ಫೋನ್ ಕರೆಗಳು ಯಾವ ಲಯದಲ್ಲಿ ಬಂದು ಬೀಳುತ್ತವೆ ಎಂಬ ಲೆಕ್ಕ ಬರೆದು ಸರದಿಶಾಸ್ತ್ರಕ್ಕೆ ನಾಂದಿ ಹಾಡಿದ. ಆ ಶಾಸ್ತ್ರದ ಅತಿ ಸರಳ ಸೂತ್ರವನ್ನು ನಮ್ಮ ಕೇಂದ್ರಕ್ಕೆ ಹಚ್ಚಿ ನೋಡಿ. ಕೌಂಟರ್ ಒಂದು, ಒಂದು ಅರ್ಜಿಗೆ ಸರಾಸರಿ 10 ನಿಮಿಷ, ಜನ ತಮಗೆ ಅನುಕೂಲವಾದಾಗ ಬರುತ್ತಾರೆ. ಕೌಂಟರ್ ಅರ್ಧ ಹೊತ್ತು ಖಾಲಿ ಇದ್ದರೆ ಬಂದವರು ಸರಾಸರಿ 10 ನಿಮಿಷ ಕಾಯುತ್ತಾರೆ. ಶೇ 90ರಷ್ಟು ಹೊತ್ತು ಕೆಲಸವಿದ್ದರೆ 90 ನಿಮಿಷ. ಶೇ 99ಕ್ಕೆ ಏರಿದರೆ 990 ನಿಮಿಷ, ಅಂದರೆ ಹದಿನಾರೂವರೆ ಗಂಟೆ. ಕೆಲಸ ಹೆಚ್ಚಾದದ್ದು ಇಮ್ಮಡಿಗಿಂತ ಕಡಿಮೆ, ಕಾಯುವುದು ಹೆಚ್ಚಾದದ್ದು 99 ಪಟ್ಟು.

ಆದ್ದರಿಂದ ಸರ್ವರ್ ಶೇ 100ರಷ್ಟು ಬಳಕೆಯಲ್ಲಿದೆ ಎಂದು ಸಭೆಯಲ್ಲಿ ಹೆಮ್ಮೆಯಿಂದ ಹೇಳಿ. ಎಲ್ಲರೂ ಒಮ್ಮೆಲೇ ಮುಗಿಬೀಳುವಂತೆ ಅರ್ಜಿಗೆ ಕೊನೆಯ ದಿನಾಂಕವನ್ನೂ ಘೋಷಿಸಿ. ಇನ್ನೂ ಪರಿಣಾಮ ಬೇಕಿದ್ದರೆ ಹೊಸ ಕೌಂಟರುಗಳನ್ನು ತೆರೆಯಿರಿ. ತಾಲೂಕು ಹೆಚ್ಚಾಗಲಿ, ಊರೂರಿಗೆ ಕೇಂದ್ರ ಬರಲಿ. ಎಲ್ಲ ಕೊಳವೆಗಳೂ ಬಂದು ಸೇರುವುದು ಬೆಂಗಳೂರಿನ ಅದೇ ಬಾಗಿಲಿಗಾದರೆ, ಕೌಂಟರ್ ಹೆಚ್ಚಾದಷ್ಟೂ ನೂಕುನುಗ್ಗಲೇ ಹೆಚ್ಚು.

ಎಚ್ಚರಿಕೆ: ಜನರನ್ನು ದಿನಗಳ ಮೇಲೆ ಹರಡಬೇಡಿ. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ, ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕೇಂದ್ರಕ್ಕೆ ಬರಬೇಕೆಂದು ಮನೆಯೊಡತಿಗೆ ಎಸ್‌ಎಂಎಸ್ ಮೂಲಕ ತಿಳಿಸುವ ಏರ್ಪಾಡನ್ನು ಸರಕಾರ ಮಾಡಿತ್ತು. ಸರದಿಶಾಸ್ತ್ರದ ಕಣ್ಣಿಗೆ ಅದು ಸರಿಯಾದ ನಡೆ. ಇಂಥವು ರೂಢಿಯಾದರೆ ಬೇವಿನ ಮರದ ಕೆಳಗೆ ಜನ ಸಿಗುವುದಿಲ್ಲ.

8. ಒಟಿಪಿ

ಹಿನ್ನೆಲೆ ಕೆಲಸಗಳಲ್ಲಿ ನಿಜಕ್ಕೂ ಅವಸರದ್ದು ಒಟಿಪಿ. ಅದು ಸೆಕೆಂಡುಗಳಲ್ಲಿ ತಲುಪಬೇಕು. ಆಧಾರ್ ಒಟಿಪಿಯ ಆಯುಷ್ಯ ಹತ್ತು ನಿಮಿಷ. ಒಳ್ಳೆಯ ವ್ಯವಸ್ಥೆಯಲ್ಲಿ ಅದಕ್ಕೆ ಪ್ರತ್ಯೇಕ ಸರದಿ ಇರುತ್ತದೆ. ನೀವು ಅದನ್ನು ಹಬ್ಬದ ಶುಭಾಶಯದ ಎಸ್‌ಎಂಎಸ್‌ಗಳ ಹಿಂದೆ ನಿಲ್ಲಿಸಿ.

ಬೇಗ ಕಳಿಸಿದರೂ ಚಿಂತೆಯಿಲ್ಲ. ಅವ್ವನ ಆಧಾರಿಗೆ ಜೋಡಿಸಿದ್ದು ಮಗನ ನಂಬರು. ಮಗ ಮಂಗಳೂರಿನಲ್ಲಿ ನಾಲ್ಕನೇ ಮಹಡಿಯ ಸೆಂಟ್ರಿಂಗ್ ಮೇಲೆ. ಅವನ ಫೋನು ಕೆಳಗೆ ಬುತ್ತಿಚೀಲದಲ್ಲಿ. ಆಪರೇಟರ್ ಕರೆ ಮಾಡುತ್ತಾನೆ, ರಿಂಗಾಗುತ್ತದೆ, ನಿಲ್ಲುತ್ತದೆ. ಊಟಕ್ಕಿಳಿದ ಮಗ ತಿರುಗಿ ಕರೆ ಮಾಡಿ 'ಯವ್ವಾ, ಬರ್ಕೋ, ನಾಕು, ಏಳು, ಸೊನ್ನಿ...' ಎಂದು ಹೇಳಿ ಮುಗಿಸುವಷ್ಟರಲ್ಲಿ ಹತ್ತು ನಿಮಿಷ ಮುಗಿದಿರುತ್ತದೆ. ವಲಸೆ ಹೋದ ಮನೆಗೆ ಹತ್ತು ನಿಮಿಷದ ಬಾಗಿಲು ಸಾಲದು ಎಂದು ಯಾರಾದರೂ ವಾದಿಸಿದರೆ, ಭದ್ರತೆಯ ಕಾರಣ ಎಂದು ಹೇಳಿ.

9. ಯಾರ ಕೆಲಸ ಮೊದಲು?

ಸರದಿಗಳಲ್ಲಿ ಆದ್ಯತೆ ಇಡಬಹುದು. ಅವಸರದ್ದು ಮುಂದೆ, ಉಳಿದದ್ದು ಹಿಂದೆ. ಅದರ ಜೊತೆ ಒಂದು ಕಟ್ಟಳೆಯೂ ಬೇಕು: ಹಿಂದಿನದು ತುಂಬ ಹೊತ್ತು ಕಾದಿದ್ದರೆ ಅದನ್ನೂ ಮುಂದೆ ತರಬೇಕು. ಕಟ್ಟಳೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಗಂಗಾವತಿ, ಕಾರಟಗಿ ಗದ್ದೆಗಳನ್ನು ತಣಿಸಿ ಮುಂದೆ ಸಾಗುತ್ತದೆ. ಮಾನ್ವಿ, ರಾಯಚೂರಿನ ಕೊನೆಭಾಗದ ರೈತರು ನೀರಿಗಾಗಿ ರಸ್ತೆಗಿಳಿಯುತ್ತಾರೆ. ಕೊನೆಭಾಗಕ್ಕೆ ನೀರು ಬೇಡವೆಂದು ಯಾರೂ ಆದೇಶ ಬರೆದಿಲ್ಲ. ಮೇಲಿನವರು ಮೊದಲು ತೂಬು ಎತ್ತಿದರು, ಅಷ್ಟೇ.

ನಿಮ್ಮ ಕೇಂದ್ರದಲ್ಲಿ ತೂಬು ಎತ್ತುವ ಕೆಲಸವನ್ನು ಹಿಂಬಾಗಿಲಿನಿಂದ ಬರುವ ಫೋನ್ ಕರೆಗಳು ನೋಡಿಕೊಳ್ಳುತ್ತವೆ. 'ಅಣ್ಣಾರ್ ಕಡಿಯವ್ರು ಅದಾರ, ಒಂದೇ ಒಂದ್ ಮಾಡಿಕೊಡ್ರಿ' ಎಂಬುದು ಸಾಕು. ಬೇರೆ ತಂತ್ರಾಂಶ ಬೇಕಿಲ್ಲ.

10. ಕೆಲಸ ಆಯಿತೆಂದು ತಿಳಿಸುವುದು

ತಿಳಿಸಬೇಡಿ. ಕೇಳಲಿ.

ಕೇಳುವ ಪದ್ಧತಿಯ ಲಾಭ ನೋಡಿ. ಸಾವಿರ ಮಂದಿಯ ಪರದೆಗಳು ಐದು ಸೆಕೆಂಡಿಗೊಮ್ಮೆ 'ಆತೇನ್ರಿ?' ಎಂದು ವಿಚಾರಿಸಿದರೆ ಸರ್ವರ್‌ಗೆ ಸೆಕೆಂಡಿಗೆ 200 ಪ್ರಶ್ನೆ. ಹೆಚ್ಚುಕಡಿಮೆ ಎಲ್ಲಕ್ಕೂ ಉತ್ತರ 'ಇನ್ನೂ ಇಲ್ರಿ'. ಇಲ್ಲವೆಂದು ಹೇಳುವುದರಲ್ಲೇ ಸರ್ವರ್ ದಣಿಯುತ್ತದೆ, ಕೆಲಸ ಇನ್ನೂ ತಡವಾಗುತ್ತದೆ, ತಡವಾದಷ್ಟೂ ಪ್ರಶ್ನೆಗಳು ಹೆಚ್ಚುತ್ತವೆ.

ಎಚ್ಚರಿಕೆ: ಸರ್ವರ್ ತಾನೇ ಮಾತಾಡುವ ದಾರಿಗಳು ಬಹಳ ದಿನದಿಂದ ಇವೆ. ಬಾಗಿಲು ತೆರೆದಿಟ್ಟು, ಸುದ್ದಿ ಇದ್ದಾಗ ಮಾತ್ರ ಕಳಿಸುವ ವೆಬ್‌ಸಾಕೆಟ್ ಎಂಬ ಮಾನಕ ಬಂದದ್ದೂ ಸಕಾಲ ಕಾಯ್ದೆಯ ವರ್ಷವೇ, 2011. ಅದರ ಮಾತು ಬೇಡ, ಗಂಗಾವತಿ ಬಸ್ ನಿಲ್ದಾಣದ ಆಸುಪಾಸಿನ ಯಾವುದಾದರೂ ಒಗ್ಗರಣಿ-ಮಿರ್ಚಿ ಬಂಡಿಯ ಮುಂದೆ ನಿಲ್ಲಿ. ಗಿರಾಕಿ ಮೊಬೈಲಿನಲ್ಲಿ ದುಡ್ಡು ಹಾಕಿದ ಎರಡು ಮೂರು ಸೆಕೆಂಡಿಗೆ ಎಣ್ಣೆಯ ಡಬ್ಬಿಯ ಪಕ್ಕದ ಪುಟ್ಟ ಪೆಟ್ಟಿಗೆ ಇಪ್ಪತ್ತು ರೂಪಾಯಿ ಬಂತೆಂದು ಕೂಗಿ ಹೇಳುತ್ತದೆ. ಕೈ ಹಿಟ್ಟಾಗಿರುವ ಮಾಲಕ ಫೋನು ಮುಟ್ಟುವುದಿಲ್ಲ, ಯಾರನ್ನೂ ಕೇಳುವುದಿಲ್ಲ. ಎರಡು ಬ್ಯಾಂಕು, ನಡುವೆ ಒಂದು ರಾಷ್ಟ್ರೀಯ ಜಾಲ, ಕೊನೆಗೆ ಒಂದು ಸಿಮ್: ಇಷ್ಟು ದಾಟಿ ಸುದ್ದಿ ಬಂಡಿಗೆ ಮುಟ್ಟಿರುತ್ತದೆ. ದುಡ್ಡು ಕಡಿತವಾಗಿ ಇನ್ನೊಬ್ಬರ ಖಾತೆ ಸೇರದಿದ್ದರೆ ಏನು ಮಾಡಬೇಕೆಂಬುದೂ ಬರೆದಿದೆ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಆದೇಶದಂತೆ ಯುಪಿಐನಲ್ಲಿ ಹಾಗಾದರೆ ಮರುದಿನದೊಳಗೆ ದುಡ್ಡು ತಾನಾಗಿ ಮರಳಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ಗಿರಾಕಿ ದೂರು ಕೊಡುವುದನ್ನು ಕಾಯದೆ.

ಮಿರ್ಚಿ ಬಂಡಿಗೆ ಸಿಕ್ಕ ಈ ಮರ್ಯಾದೆ ಜಾತಿ ಪ್ರಮಾಣಪತ್ರಕ್ಕೆ ಯಾಕಿಲ್ಲ ಎಂದು ಯಾರಾದರೂ ಕೇಳಿದರೆ, ಆಪರೇಟರನ್ನು ಮುಂದೆ ಮಾಡಿ.

11. ದೋಷ ನಿವಾರಣೆ

ದೋಷ: ಒಬ್ಬರೇ ಎರಡು ಸಲ ಶುಲ್ಕ ಕಟ್ಟಿದ್ದಾರೆ.
ಕಾರಣ: ಮೊದಲ ಸಲ ಚಕ್ರ ತಿರುಗುತ್ತಲೇ ಇದ್ದುದರಿಂದ ಮತ್ತೆ ಒತ್ತಿದ್ದಾರೆ.
ಪರಿಹಾರ: ಅವರದೇ ತಪ್ಪೆಂದು ಹೇಳಿ. (ಒಂದು ಅರ್ಜಿಗೆ ಒಂದೇ ಗುರುತು ಕೊಟ್ಟು, ಅದೇ ಗುರುತು ಮತ್ತೆ ಬಂದರೆ ಹೊಸ ಕೆಲಸವೆಂದು ತಿಳಿಯಬಾರದೆಂಬ ನಿಯಮ ಹಾಕಿದರೆ ನೂರು ಸಲ ಒತ್ತಿದರೂ ಶುಲ್ಕ ಒಮ್ಮೆಯೇ. ಹಾಕಬೇಡಿ.)

ದೋಷ: ಕೆಲವು ಅರ್ಜಿಗಳು ಎಷ್ಟು ಸಲ ಯತ್ನಿಸಿದರೂ ಮುಂದೆ ಹೋಗುತ್ತಿಲ್ಲ. ಆಧಾರಿನಲ್ಲಿ 'ಹುಲಿಗೆವ್ವ', ಪಡಿತರ ಚೀಟಿಯಲ್ಲಿ 'ಹುಲಿಗೆಮ್ಮ'.
ಪರಿಹಾರ: ಮತ್ತೆ ಮತ್ತೆ ಯತ್ನಿಸುತ್ತಿರಿ. (ಇಂಥವನ್ನು ಬೇರೆ ತೆಗೆದಿಡುವ ಸರದಿಗೆ ಎಂಜಿನಿಯರುಗಳು ಅಂಚೆ ಇಲಾಖೆಯಿಂದ ಹೆಸರು ಕಡ ತಂದಿದ್ದಾರೆ, ಡೆಡ್ ಲೆಟರ್ ಕ್ಯೂ. ವಿಳಾಸ ಸಿಗದ ಕಾಗದವನ್ನು ಅಂಚೆಯವರು ಬಿಸಾಡುತ್ತಿರಲಿಲ್ಲ. ಒಬ್ಬ ಗುಮಾಸ್ತ ಬಿಚ್ಚಿ ಓದಿ ಕಳಿಸಿದವರಿಗೆ ಮುಟ್ಟಿಸುತ್ತಿದ್ದ. ಅಂಥ ಗುಮಾಸ್ತನನ್ನು ನೇಮಿಸಿದರೆ ಹುಲಿಗೆವ್ವನ ತೊಡಕು ಒಂದೇ ದಿನಕ್ಕೆ ಬಗೆಹರಿಯುತ್ತದೆ.)

ದೋಷ: ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಹತ್ತುತ್ತಿಲ್ಲ.
ಪರಿಹಾರ: ಇದು ಹಿನ್ನೆಲೆ ಕೆಲಸವಲ್ಲ, ಎದುರಿಗೇ ಆಗಬೇಕಾದದ್ದು. ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ. ಬೆರಳು ಒರೆಸಿಕೊಳ್ಳಲು ಹೇಳಿ.

12. ವಾರಂಟಿ ಮತ್ತು ಗ್ರಾಹಕರಿಗೆ ಸೂಚನೆ

ಕಾಯಲು ಯಂತ್ರಕ್ಕೆ ಬೇಸರವಿಲ್ಲ, ಹಸಿವಿಲ್ಲ, ಕಟ್ಟಿ ಬಂದ ಎಮ್ಮೆಯ ಚಿಂತೆಯಿಲ್ಲ. ಆದರೂ ಈ ಉತ್ಪನ್ನ ಕಾಯುವ ಕೆಲಸವನ್ನು ಮನುಷ್ಯರಿಗೆ ವಹಿಸುತ್ತದೆ. ಈ ವಿನ್ಯಾಸ ಕೆಳಗಿನ ಸಂದರ್ಭದಲ್ಲಿ ಮಾತ್ರ ಕೆಡುತ್ತದೆ, ಆಗ ವಾರಂಟಿ ಅನ್ವಯಿಸುವುದಿಲ್ಲ.

ಕಟ್ಟೆಯ ಮೇಲಿದ್ದವರು ಎದ್ದುಬಂದು, ಆಪರೇಟರನ್ನು ಬೈಯದೆ, 'ಸರ್ವರ್ ಬಿಜಿ ಇರ್ಲಿ ಬಿಡ್ರಿ. ನನ್ನ ಅರ್ಜಿ ಇಟ್ಕೊಂಡು ನಂಬರ್ ಕೊಡ್ರಿ, ಆದಾಗ ಫೋನಿಗೆ ಹಾಕ್ರಿ' ಎಂದು ಕೇಳುವುದು. ಒಬ್ಬರು ಕೇಳಿದರೆ ಏನೂ ಆಗದು. ಊರವರೆಲ್ಲ ಕೇಳಿದರೆ, ಗ್ರಾಮಸಭೆಯಲ್ಲಿ ಕೇಳಿದರೆ, ತಾಲೂಕು ಕಚೇರಿಗೆ ಬರೆದು ಕೇಳಿದರೆ, ಅರ್ಜಿಯನ್ನು ಮೊದಲು ತೆಗೆದುಕೊಂಡು ಆಮೇಲೆ ಸಂಸ್ಕರಿಸುವ ಹಾಗೆ ಜಾಲತಾಣವನ್ನು ಬದಲಿಸದೆ ಗತಿಯಿಲ್ಲ. ಅದಕ್ಕೆ ಬೇಕಾದ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಬೇಕಾದ ಕಾನೂನು 2012ರಿಂದ ಜಾರಿಯಲ್ಲಿದೆ. ಸಕಾಲದಡಿ ಬರುವ ಸೇವೆಗೆ ಅರ್ಜಿ ಕೊಟ್ಟವರಿಗೆ ಸ್ವೀಕೃತಿ ನಂಬರು ಕೊಡುವುದು ಉಪಕಾರವಲ್ಲ, ಕಡ್ಡಾಯ.